ಮುದಗಲ್ ಬಾಗಿಲಲ್ಲಿ ಹೇಳಿದ ಹೆಸರು

ಮುದಗಲ್ ಕೋಟೆ ನೋಡಬೇಕೆಂದು ಹಟ ಹಿಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಪ್ಪೆಲ್ಲ ನನ್ನ ಯಜಮಾನರ ತಲೆಗೆ ಬರುತ್ತದೆ. ನಿಜಾಮನ ಆಳ್ವಿಕೆಯ ಕೊನೆಯ ಬೇಸಿಗೆ ಅದು. ನಮ್ಮ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವರು ಮಸ್ಕಿಯಲ್ಲಿ ಶಾಲೆಯ ಮಾಸ್ತರು. ಲಿಂಗಸುಗೂರಿನ ಅಕ್ಕನ ಮನೆಗೆ ಹೋದಾಗ, ಒಂದು ದಿನದ ಮಟ್ಟಿಗೆ ಮುದಗಲ್ಲಿಗೂ ಹೋಗಿಬರೋಣ ಎಂದು ಗಂಟುಬಿದ್ದೆ.

"ದಿನಮಾನ ಚೊಲೊ ಇಲ್ಲವಾ, ಅಲ್ಲಲ್ಲಿ ನಾಕಾ ಹಾಕಿ ಹೋಗಿಬರೋರನ್ನ ತಡದು ಕೇಳ್ತಾರ" ಅಂದಳು ಅಕ್ಕ. ನಾನು ಕೇಳಬೇಕಲ್ಲ!

ನಸುಕಿನಲ್ಲಿ ಭಾವನ ಗಾಡಿ ಹೂಡಿಕೊಂಡು ಇಬ್ಬರೇ ಹೊರಟೆವು. ಹಾದಿಯುದ್ದಕ್ಕೂ ಕೊಯ್ದ ಜೋಳದ ಹೊಲಗಳು, ಎದುರಿಗೆ ಒಬ್ಬರೂ ಇಲ್ಲ. ಒಂದು ಹಳ್ಳಿಯಲ್ಲಿ ನೀರು ಸೇದುತ್ತಿದ್ದ ಹೆಂಗಸರು ನಮ್ಮ ಗಾಡಿ ಕಂಡದ್ದೇ ಕೊಡಗಳನ್ನು ಬಾವಿಕಟ್ಟೆಯ ಮೇಲೆ ಬಿಟ್ಟು ಮನೆಯೊಳಗೆ ಓಡಿದರು. ಆಗಲೇ ಅಕ್ಕನ ಮಾತು ನೆನಪಾಯಿತು. ತಿರುಗಿ ಹೋಗೋಣ ಅನ್ನಲು ಸೊಕ್ಕು ಬಿಡಲಿಲ್ಲ.

ಕೋಟೆ ದೊಡ್ಡದೇ. ಸುತ್ತ ಕಂದಕ, ಆನೆ ಎತ್ತರದ ಬಾಗಿಲು. ಬಾಗಿಲ ಬದಿಯ ಕಲ್ಲಿನ ಮೇಲೆ ಏನೋ ಹಳೆಯ ಅಕ್ಷರ ಕಂಡಿತು. ನಮ್ಮ ಮಾಸ್ತರಿಗೆ ಅಷ್ಟು ಸಾಕು, ಜೇಬಿನಿಂದ ವಹಿ ತೆಗೆದು ಬರೆದುಕೊಳ್ಳತೊಡಗಿದರು.

ಬಂದೂಕು ಹಿಡಿದ ನಿಜಾಮನ ಕಡೆಯ ಇಬ್ಬರು ಯಾವಾಗ ಹಿಂದೆ ಬಂದು ನಿಂತರೋ ಗೊತ್ತಾಗಲಿಲ್ಲ. ಒಬ್ಬ ಎಳೆಯ, ಇನ್ನೊಬ್ಬ ಬಿಳಿ ಗಡ್ಡದವ. ಎಳೆಯ ವಹಿ ಕಸಿದುಕೊಂಡ. "ಕಿಲ್ಲೇದ ನಕ್ಷಾ ಬರಿಯಾಕತ್ತೀ ಏನಲೇ?" ಎಂದು ಯಜಮಾನರ ರಟ್ಟೆ ಹಿಡಿದು ಬಾಗಿಲ ಒಳಗಿನ ಕೋಣೆಗೆ ದೂಡಿ, ಅವರ ಹೆಸರು ಕೇಳಿಕೊಂಡು, ತಿರುಗಿ ನನ್ನ ಹತ್ತಿರ ಬಂದ.

"ಗಡಿ ಆಚೆಯಿಂದ ಬೇಹಿಗೆ ಬರೋರು ಹಿಂಗ ಯಾರನರ ಹೇಂತಿ ಅಂತ ಕರಕೊಂಡು ಬರ್ತಾರ. ಅವ ತನ್ನ ಹೆಸರು ಹೇಳ್ಯಾನ. ನೀನೂ ಹೇಳು. ಎರಡೂ ಕೂಡಿದ್ರ ಬಿಡ್ತೀವಿ, ಇಲ್ಲಂದ್ರ ಅವ ಇವತ್ತು ಮನಿಗೆ ಬರಂಗಿಲ್ಲ."

ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನನ್ನವ್ವ ಹೇಳಿ ಕಳಿಸಿದ್ದಳು. ಮದುವೆಯಲ್ಲಿ ಹೇಳುವಂತೆ ಒಡಪು, ಅಂದರೆ ಪ್ರಾಸದ ಎರಡು ಸಾಲು, ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸಿ ಹೇಳಿದರೆ ಮಾತ್ರ ದೋಷವಿಲ್ಲ.

"ನೋಡು, ಹೇಳವಲ್ಲಳು! ಇಕಿ ಅವನ ಹೇಂತಿ ಅಲ್ಲ" ಅಂದ ಎಳೆಯ.

ಕಣ್ಣು ಮುಚ್ಚಿ, ನಡುಗುತ್ತ ಮದುವೆಯ ಒಡಪನ್ನೇ ಹೇಳಿದೆ: "ಮುತ್ತಿನಂಥ ಜ್ವಾಳ ಮಸ್ಕಿ ಹೊಲದಾಗ, ತುತ್ತು ಇಟ್ಟು ಕೈ ಹಿಡಿದ್ರು ಹತ್ತು ಮಂದ್ಯಾಗ..." ಹೆಸರಿನ ತನಕ ಹೋಗಲು ಅವನು ಬಿಡಲಿಲ್ಲ.

"ಹಾಡು ಯಾರು ಕೇಳ್ಯಾರ? ಬರೇ ಹೆಸರು ಹೇಳು!" ಎಂದು ಬಂದೂಕಿನ ಹಿಡಿಯನ್ನು ಕಲ್ಲಿಗೆ ಕುಟ್ಟಿದ.

ಹೇಳಿದೆ. ಬರೀ ಹೆಸರು, ಗಟ್ಟಿಯಾಗಿ, ಒಳಗಿದ್ದ ಅವರಿಗೂ ಕೇಳುವಂತೆ.

ಬಿಳಿ ಗಡ್ಡದವ ಅಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದ. "ಬಿಡಪಾ, ಗಂಡನ ಹೆಸರು ಹೇಳಾಕ ಇಷ್ಟು ಅಂಜ್ಯಾಳಂದ್ರ ಹೇಂತೀನ ಇರಬೇಕು. ಹೆಸರೂ ಕೂಡೇತಿ" ಅಂದ. ಯಜಮಾನರು ಹೊರಗೆ ಬಂದರು, ಧೋತರದ ಮೊಣಕಾಲಿಗೆಲ್ಲ ಮಣ್ಣು. ವಹಿ ಕೊಡಲಿಲ್ಲ.

ಗಾಡಿಯಲ್ಲಿ ನಾನು ಅತ್ತೆ. "ತಪ್ಪಾತ್ರೀ, ನಿಮ್ಮ ಆಯುಷ್ಯ ನಾನ ಕಡಿಮಿ ಮಾಡಿದೆ" ಅಂದೆ. "ಹುಚ್ಚಿ, ಇವತ್ತು ಉಳಿಸಿದಾಕಿ ನೀನ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಮುಂದೆ ಅವರಿಗೆ ಒಂದು ಜ್ವರ ಬಂದರೂ, ಒಂದು ಕೆಮ್ಮು ಬಂದರೂ ಆ ಬಾಗಿಲು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ, ಮಲಗಿದಲ್ಲೇ ಅವರು ತೀರಿಕೊಂಡರು. ತುಂಬಿದ ಆಯುಷ್ಯ, ಪುಣ್ಯವಂತರು ಎಂದು ಬಂದವರೆಲ್ಲ ಹೇಳಿದರು. ನಾನು ಅವರ ತಲೆಯ ಹತ್ತಿರ ಕೂತಿದ್ದೆ. ಅಂದು ಒಡಪನ್ನು ಪೂರ್ತಿ ಹೇಳಲು ಬಿಟ್ಟಿದ್ದರೆ ಇನ್ನೂ ನಾಲ್ಕು ವರ್ಷ ಇರುತ್ತಿದ್ದರೇನೋ ಅನ್ನಿಸಿತು.