ಮಾಡು ಹೋಯಿತು

ನಾನು ನಿಂತಿದ್ದದ್ದು ತಮಿಳು ಸೀಮೆಯ ವಡಪಳನಿಯಲ್ಲಿ, ನಮ್ಮ ಹೋಟೆಲಿನ ಹಿಂದಿನ ಓಣಿಯ ಅರಳಿಕಟ್ಟೆಯ ಪಕ್ಕ, ತಹಸೀಲ್ದಾರರ ಮೇಜಿನ ಎಡಗಡೆ. ಐವತ್ತರ ದಶಕದ ಕೊನೆಯ ಭಾಗ. ಕೆರೆ ಒಡೆದು ಓಣಿಯ ಕೊಟ್ಟಿಗೆಗಳಿಗೆ ನೀರು ನುಗ್ಗಿದ ಮೇಲಿನ ಮೊದಲ ಸೋಮವಾರ, ಬೆಳಗಿನ ತಿಂಡಿಯ ಗಿರಾಕಿಗಳು ಹೋದ ಹೊತ್ತು. ನಾನು ಆ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದೆ.

ಸತ್ತ ದನಗಳಿಗೆ ಸರ್ಕಾರ ತುರ್ತು ಪರಿಹಾರ ಕೊಡುತ್ತಿತ್ತು. ಹಿಂದೊಮ್ಮೆ ಕಚೇರಿಯ ಒಳಗೆ ಹಂಚಿದಾಗ ದನವೇ ಇಲ್ಲದವರಿಗೂ ಸಿಕ್ಕಿತೆಂದು ಗುಲ್ಲೆದ್ದಿತ್ತು. ಆದ್ದರಿಂದ ಈ ತಹಸೀಲ್ದಾರರು ಎಲ್ಲವನ್ನೂ ಬಯಲಲ್ಲೇ ಇಟ್ಟುಕೊಂಡಿದ್ದರು. ಒಳ್ಳೆಯ ಮನುಷ್ಯ. ಹೆಸರು ಕೂಗುತ್ತಿದ್ದರು, ಸಾಕ್ಷಿ ಎಲ್ಲರಿಗೂ ಕೇಳುವಂತೆ ಹೇಳಬೇಕು, ತೀರ್ಮಾನ ಅಲ್ಲೇ. ಪರಿಹಾರ ಬೇಡುವವರು ಒಬ್ಬರಿಗೊಬ್ಬರು ಸಾಕ್ಷಿಯಾಗುವಂತಿರಲಿಲ್ಲ.

ನಮಗೆ ಹಾಲು ಹಾಕುತ್ತಿದ್ದ ವಿಧವೆಗೆ ಇದ್ದದ್ದು ಒಂದೇ ಎಮ್ಮೆ. ನೀರಿನಲ್ಲಿ ಕೊಚ್ಚಿಹೋಗಿತ್ತು, ತೋರಿಸಲು ಹೆಣವೂ ಸಿಕ್ಕಿರಲಿಲ್ಲ. ಪರಿಹಾರ ಬಂದರೆ ಇನ್ನೊಂದು ಎಮ್ಮೆ, ಇಲ್ಲವಾದರೆ ಅವಳ ಕಸುಬು ಅಲ್ಲಿಗೆ ಮುಗಿಯಿತು. ಓಣಿಯವರೆಲ್ಲ ಬೇಡುವವರೇ ಆದ್ದರಿಂದ ಸಾಕ್ಷಿಗೆ ಉಳಿದವನು ನಮ್ಮ ಅಡುಗೆಯವನೊಬ್ಬ. ನೀರು ಬಂದ ಬೆಳಿಗ್ಗೆ ಅವಳು ಹಿತ್ತಲ ಬಾಗಿಲಿಗೆ ಓಡಿಬಂದು ಹೇಳಿಕೊಂಡು ಅತ್ತದ್ದನ್ನು ಕಂಡವನು ಅವನೇ. ಕುಂದಾಪುರದ ಕಡೆಯಿಂದ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ, ತಮಿಳು ಬಾರದು.

ಅವನು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದ. "ಅವಳು ಹೇಳಿದ್ದನ್ನೇ ಹೇಳು, ಹೆದರಬೇಡ" ಎಂದೆ.

"ಹೆದ್ರಿಕೆ ಎಂತಕ್ಕೆ ಮಾರಾಯ್ರೆ, ಕಂಡದ್ದಲ್ದಾ?"

ದುಭಾಷಿಯಾಗಲು ನಾನು ಮುಂದೆ ಬಂದೆ. ತಹಸೀಲ್ದಾರರು ಕೈಯೆತ್ತಿ ತಡೆದರು. "ನೀಂಗ ವೇಂಡಾಂ. ಅವರೇ ಸೊಲ್ಲಟ್ಟುಂ." ನೀವು ಬೇಡ, ಅವರೇ ಹೇಳಲಿ ಎಂದು. ಸಾಕ್ಷಿಯ ಬಾಯಿಂದಲೇ ಬರಬೇಕಿತ್ತು.

"ಮಾಡು ಪೋಚ್ಚು" ಎಂದ ಅಡುಗೆಯವನು, ಅವಳ ಮಾತನ್ನೇ, ಗಟ್ಟಿಯಾಗಿ.

ತಮಿಳಿನಲ್ಲಿ ಮಾಡು ಎಂದರೆ ದನ, ಪೋಚ್ಚು ಎಂದರೆ ಹೋಯಿತು. ಅಷ್ಟೇ ಸಾಕಿತ್ತು. ಗುಮಾಸ್ತ ಬರೆಯಲು ಬಗ್ಗಿದ್ದ. ಹಸುವಿಗೂ ಎಮ್ಮೆಗೂ ದರ ಬೇರೆಯಾದ್ದರಿಂದ ತಹಸೀಲ್ದಾರರು ಯಾವ ದನವೆಂದು ತಿಳಿಯಲು, "ಎನ್ನ ಮಾಡು? ಪಸುವಾ, ಎರುಮೆಯಾ?" ಎಂದು ಕೇಳಿದರು.

ಅಡುಗೆಯವನಿಗೆ ತಿಳಿಯಲಿಲ್ಲ. ಇವರಿಗೆ ಮಾಡು ಎಂಬ ಮಾತೇ ಗೊತ್ತಿಲ್ಲವೆಂದುಕೊಂಡು, ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಬೆರಳ ತುದಿ ಕೂಡಿಸಿ, ಇಳಿಜಾರಾಗಿ ಹಿಡಿದು ತೋರಿಸಿದ. ನಮ್ಮ ಕರಾವಳಿಯಲ್ಲಿ ಮಾಡು ಎಂದರೆ ಮನೆಯ ಚಾವಣಿ. ಅವಳ ಚಾವಣಿ ಹೋಯಿತೆಂದೇ ಅವನು ಅಷ್ಟು ದಿನ ಮರುಗಿದ್ದ.

"ಎರುಮೆ ಕೊಂಬೆ ಕಾಟ್ರಾರು, ಸಾರ್!" ಎಮ್ಮೆಯ ಕೊಂಬು ತೋರಿಸ್ತಿದಾನೆ ಎಂದು ಯಾರೋ ಕೂಗಿದರು. ಗುಂಪು ನಕ್ಕಿತು. ಅಡುಗೆಯವನು ತಲೆಯಲ್ಲಾಡಿಸಿ, ಎದುರಿನ ಗುಡಿಸಲಿನ ಗರಿಯ ಚಾವಣಿಗೆ ಬೆರಳು ಮಾಡಿದ.

"ಕೂರೆಯಾ?" ತಹಸೀಲ್ದಾರರು ಹಾಲಿನವಳ ಕಡೆ ತಿರುಗಿದರು.

"ಎನ್ ಕೂರೆ ಅಪ್ಪಡಿಯೇ ಇರುಕ್ಕು ಸಾಮೀ! ಮಾಡುದಾನ್ ಪೋಚ್ಚು!" ನನ್ನ ಚಾವಣಿ ಹಾಗೇ ಇದೆ, ದನವೇ ಹೋದದ್ದು ಎಂದು ಅವಳು ಎದೆ ಬಡಿದುಕೊಂಡಳು.

ಎರಡು ಭಾಷೆಗಳ ತೊಡಕನ್ನು ನಾನು ವಿವರಿಸಿದೆ. ತಹಸೀಲ್ದಾರರು ಪೂರ್ತಿ ಕೇಳಿದರು. ಆಮೇಲೆ ತಮಿಳಿನಲ್ಲಿ, ಮೆಲ್ಲಗೆ ಹೇಳಿದರು: "ನೀವು ಹೇಳುವುದು ನಿಜವಿರಬಹುದು. ಆದರೆ ಇಷ್ಟು ಜನ ಅವನ ಕೈ ನೋಡಿದ್ದಾರೆ. ಚಾವಣಿಯನ್ನು ನಾನೀಗ ಎಮ್ಮೆ ಮಾಡಿದರೆ ನಾಳೆ ಇವರಿಗೆ ಏನು ಹೇಳಲಿ?" ಮುಂದಿನ ಹೆಸರು ಕೂಗಿಸಿದರು.

ಅಡುಗೆಯವನು ನನ್ನ ತೋಳು ಹಿಡಿದು, "ಸಿಕ್ತಾ? ಅವ್ಳಿಗೆ ಸಿಕ್ತಾ?" ಎಂದು ಕೇಳುತ್ತಿದ್ದ. ಆದದ್ದನ್ನು ಹೇಳಿದೆ. ಅವನು ಕಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ.

ಕೆಲವು ದಿನಗಳ ಮೇಲೆ ಅವಳು ನಮ್ಮಲ್ಲೇ ಪಾತ್ರೆ ತೊಳೆಯಲು ಸೇರಿದಳು. ಬೆಳಗಿನ ಮೊದಲ ಲೋಟ ಕಾಫಿ ಅವನು ಅವಳಿಗೆ ಇಡುತ್ತಿದ್ದ, ಅವಳು ಕುಡಿಯುತ್ತಿದ್ದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ.

ಅವಳು ಈಗಿಲ್ಲ, ತಹಸೀಲ್ದಾರರೂ ಇಲ್ಲ. ಅಂದು ಕಂಡವರಲ್ಲಿ, ನನಗೆ ತಿಳಿದಂತೆ, ನನ್ನ ಹೊರತು ಬದುಕಿರುವವರು ಇಬ್ಬರು: ಊರಿನಲ್ಲಿ ಮಗಳ ಮನೆ ಸೇರಿರುವ ಆ ಅಡುಗೆಯವನು, ಮತ್ತು ಅವಳ ನಂತರ ಕೂಗಿದ ಹೆಸರಿಗೆ ಓಗೊಟ್ಟು ತನ್ನ ಎಮ್ಮೆಯ ಹೆಣ ತೋರಿಸಿ ಪರಿಹಾರ ಪಡೆದ ಅವಳ ನೆರೆಮನೆಯವನು.