ಮೂರನೆಯ ಹಂಚು

ಎಂಬತ್ತರ ದಶಕದಲ್ಲಿ ಜೆಪ್ಪುವಿನ ನಾವು ನಾಲ್ವರು ಒಂದು ರಾಕ್ ಕ್ಯಾಸೆಟ್ ಮಾಡಿದೆವು. ಕೇಳಿದವರ ಪ್ರಶ್ನೆ ಒಂದೇ: "ಮೊದಲ ಹಾಡಿನ ತಾಳ ಯಾವ ಇಂಗ್ಲಿಷ್ ರೆಕಾರ್ಡಿನಿಂದ ಕದ್ದದ್ದು ಮಾರಾಯ?"

ಕದ್ದದ್ದು ನನ್ನ ಅಮ್ಮನಿಂದ. ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ಅವಳು ಸುಟ್ಟ ಹಂಚುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ಠಣ್ ಎಂದದ್ದು ಲಾರಿಗೆ, ಸದ್ದು ಮಂಕಾದ ಒಡಕು ಹಂಚು ಹೊಳೆಬದಿಯ ರಾಶಿಗೆ. ಒಂದು ದಿನ ಮೇಸ್ತ್ರಿ ಎಲ್ಲರೆದುರು, "ನಿನಗೆ ಕಿವಿ ಕೇಳುದಿಲ್ಲ, ನಾಳೆಯಿಂದ ಬರುದು ಬೇಡ" ಎಂದ. ಅವಳು ಮಾತಾಡದೆ ಮನೆಗೆ ಬಂದಳು. ಅವಳಾಡದ ಮಾತನ್ನು ನಾನು ಹಾಡು ಮಾಡಿದೆ. ರೆಕಾರ್ಡಿಂಗಿನಲ್ಲಿ ಡ್ರಮ್ಸ್ ಬದಿಗಿಟ್ಟು, ಅದೇ ಕಾರ್ಖಾನೆಯ ಮೂರು ಹಂಚುಗಳನ್ನು ಸಾಲಾಗಿ ಇಟ್ಟು ಬಡಿದೆ.

ಕ್ಯಾಸೆಟ್ ಮನೆಗೆ ತಂದು ಹಾಕಿದಾಗ ಅಮ್ಮ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದಳು. ಅಲ್ಲಿಂದಲೇ ಹೇಳಿದಳು: "ಮೂರನೆಯ ಹಂಚು ಒಡಕು."

ನಮ್ಮ ನಾಲ್ವರಲ್ಲಿ ಯಾರಿಗೂ ಅದು ಗೊತ್ತಾಗಿರಲಿಲ್ಲ. ಹಂಚು ತೆಗೆದು ಬೆಳಕಿಗೆ ಹಿಡಿದೆ, ಕೂದಲೆಳೆಯಷ್ಟು ಬಿರುಕಿತ್ತು.

ಉಳಿದ ಮೂವರು ಹೇಳಿದರೂ ಮತ್ತೆ ರೆಕಾರ್ಡ್ ಮಾಡಲು ನಾನು ಒಪ್ಪಲಿಲ್ಲ. ಒಂದು ಕ್ಯಾಸೆಟ್ ತೆಗೆದುಕೊಂಡು ಹೋಗಿ ಮೇಸ್ತ್ರಿಯ ಕೈಯಲ್ಲಿಟ್ಟೆ.

"ಇದರಲ್ಲಿ ಒಡಕು ಹಂಚು ಯಾವುದು, ಹೇಳಿ ನೋಡುವ."