ಅಕ್ಕ ಅಂದ ‘ಬುಡು’

ನನ್ನ ಕೆಲಸವೇನೆಂಬುದನ್ನು ಅಕ್ಕ ಒಂದೇ ಮಾತಿನಲ್ಲಿ ಹಿಡಿದಿದ್ದಳು. ಹೊಳವನಹಳ್ಳಿಯ ಅವಳ ಮನೆಯ ಜಗಲಿಯಲ್ಲೋ, ಅಡುಗೆಮನೆಯಲ್ಲೋ, ಈಗ ಖಚಿತವಿಲ್ಲ. ರೋಗಿಯ ರಕ್ತದಿಂದ ಬಿಳಿ ಕಣಗಳನ್ನು ತೆಗೆದು, ಕ್ಯಾನ್ಸರನ್ನು ಗುರುತು ಹಿಡಿಯುವ ಜೀನೊಂದನ್ನು ಅವಕ್ಕೆ ಸೇರಿಸಿ, ಲ್ಯಾಬಿನಲ್ಲಿ ಬೆಳೆಸಿ ಅದೇ ರೋಗಿಗೆ ವಾಪಸ್ ಕೊಡುವ ಚಿಕಿತ್ಸೆಯನ್ನು ನಾನು ವಿವರಿಸುತ್ತಿದ್ದೆ. ಅವಳು ಕನಕಾಂಬರ ಕಟ್ಟುತ್ತಿದ್ದಳು.

“ಅಂಗಂದ್ರೆ ನಾಯಿಗೆ ವಾಸ್ನೆ ತೋರ್ಸಿ ಛೂ ಬುಡೋದು, ಅಷ್ಟೇ ತಾನೆ? ಇದುಕ್ಕೆ ಇಷ್ಟು ವರ್ಸ ಓದ್ಬೇಕಿತ್ತೇನ್ಲಾ?”

ಭಾವ ಜೋರಾಗಿ ನಕ್ಕರು.

ಆಮೇಲೆ ಅವಳಿಗೇ ಬಂತು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಗೊತ್ತಾಗುವಷ್ಟರಲ್ಲಿ ಲಿವರಿಗೂ ಹರಡಿತ್ತು. ಆಪರೇಷನ್ ಆಗುವುದಿಲ್ಲ ಎಂದರು. ರಕ್ತದ ಕ್ಯಾನ್ಸರಿನಲ್ಲಿ ಈ ಕಣಗಳಿಂದ ಕೆಲವರು ಗುಣವಾಗಿದ್ದಾರೆ. ಗಡ್ಡೆಯ ಮಾತೇ ಬೇರೆ. ಕಣಗಳು ಒಳಗೆ ನುಗ್ಗಲಾರವು, ನುಗ್ಗಿದವು ಬೇಗ ಸುಸ್ತಾಗುತ್ತವೆ. ಗಡ್ಡೆಯ ಗುರುತು ಒಳ್ಳೆಯ ಅಂಗಗಳ ಮೇಲೂ ಇದ್ದರೆ ಅವನ್ನೂ ಬಿಡುವುದಿಲ್ಲ. ನಾವಿನ್ನೂ ಇಲಿಗಳ ಮೇಲೆ ನೋಡುತ್ತಿದ್ದೆವು. ಮನುಷ್ಯರ ಮೇಲೆ ಪ್ರಯೋಗ ನಡೆಸುತ್ತಿದ್ದವರಿಗೆ, ಅಕ್ಕನನ್ನು ಸೇರಿಸಿಕೊಳ್ಳಿ ಎಂದು ಬರೆದೆ. ಇಷ್ಟು ಕೆಟ್ಟ ಲಿವರ್ ತಡೆಯುವುದಿಲ್ಲ ಎಂಬ ಉತ್ತರ ಬಂತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ.

“ನಿನ್ ನಾಯಿಗುಳು ಎಲ್ಲಿಗ್ ಬಂದ್ವು?” ಅಕ್ಕ ಕೇಳಿದಳು.

“ಇನ್ನೂ ಕಟ್ಟಾಕಿದೀವಿ ಅಕ್ಕ.”

“ಕಟ್ಟಾಕಿ ಅನ್ನ ಇಕ್ತಾ ಕೂತಿದೀಯಾ? ನನ್ ಮೈಯೊಳೀಕೆ ಬುಡು.”

“ನಿನ್ನೇ ಕಚ್ಚಿಬಿಡ್ತವೆ.”

ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. “ಇದೇನ್ ಮುತ್ತಿಕ್ತಾ ಐತೇನ್ಲಾ?”



ಮಧುಗಿರಿಯ ಆಸ್ಪತ್ರೆಯಲ್ಲಿ ಹೊಟ್ಟೆಯ ನೀರು ತೆಗೆಸಿಕೊಂಡು ವಾಪಸ್ ಬರುವಾಗ ಕಾರನ್ನು ಭಾವ ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಕ್ಕ ನನ್ನ ಹೆಗಲಿಗೆ ಒರಗಿದ್ದಳು. ಕೊರಟಗೆರೆ ದಾಟಿದ ಮೇಲೆ ಕಾರು ರಸ್ತೆಯ ಹಂಪಿನ ಮೇಲೆ ಎಗರಿತು. ಆಗ ಅವಳ ಬಾಯಿಂದ ಒಂದು ಸದ್ದು ಬಂತು. ಅದರ ಬೆನ್ನಿಗೇ “ಬುಡ್ಲಾ” ಎಂದಳು.

ಆ ಸದ್ದು ‘ಛೂ’ ಆಗಿತ್ತೋ, ನೋವಿಗೆ ಎಳೆದುಕೊಂಡ ಉಸಿರೋ? ‘ಛೂ’ ಆಗಿದ್ದರೆ ಅವಳು ಕೊನೆಯವರೆಗೂ ನಾಯಿ ಬಿಡು ಎಂದು ನನ್ನನ್ನು ಕೇಳುತ್ತಲೇ ಇದ್ದಳು. ಉಸಿರಾಗಿದ್ದರೆ, ಹೋಗಲಿ ಬಿಡು ಎಂದಳು.

ಅದೇ ವಾರ ಅವಳು ತೀರಿಕೊಂಡಳು. ಕಾರಿನಲ್ಲಿ ಅವಳು ಏನಂದಳೆಂದು ಭಾವನನ್ನು ಕೇಳಿದೆ. “ಸಾಕು ಬುಡು ಅಂದ್ಲು ಕಣಪ್ಪ. ಇನ್ನೇನ್ ಅಂದಾಳು?” ಎಂದರು. ಆದರೆ ಅವರ ಕಿಟಕಿ ತೆರೆದಿತ್ತು, ಗಾಳಿ ಜೋರಾಗಿತ್ತು. ನನ್ನ ಕಿವಿಯನ್ನೂ ನಂಬಲಾರೆ. ಕೆಲವು ದಿನ ಲ್ಯಾಬಿನಲ್ಲಿ ಕಣಗಳಿಗೆ ಆಹಾರ ಬದಲಿಸುವಾಗ ‘ಛೂ’ ಸ್ಪಷ್ಟವಾಗಿ ಕೇಳುತ್ತದೆ. ಕೆಲವು ದಿನ ಬರೀ ಉಸಿರು.

ಅವಳ ಆ ಮಾತಿಗೆ ನಾನು “ಆಯ್ತಕ್ಕ” ಅಂದಿದ್ದೆ. ಅದು ಮಾತ್ರ ನೆನಪಿದೆ. ನಾನು ಯಾವುದಕ್ಕೆ ಒಪ್ಪಿದೆನೆಂದುಕೊಂಡು ಅವಳು ಕಣ್ಣು ಮುಚ್ಚಿದಳೋ, ತಿಳಿಯದು.